ಅಡ್ಡ ದಾಟುವವರ ಲೆಕ್ಕ

ನಮ್ಮ ಹಿತ್ತಲಿಗೂ ಅಣ್ಣನ ಹಿತ್ತಲಿಗೂ ನಡುವೆ ಒಂದು ಲಂಟಾನದ ಬೇಲಿ. ಒಡಹುಟ್ಟಿದ ಅಣ್ಣನಲ್ಲ, ಊರ ಲೆಕ್ಕದಲ್ಲಿ ಅಣ್ಣ. ಡೈರಿಗೆ ಹಾಲು ಹಾಕಿ ಬಂದ ಮೇಲೆ ಅವನು ಆ ಕಡೆ ನಾನು ಈ ಕಡೆ ನಿಂತೆವೆಂದರೆ ಬಿಸಿಲು ಏರುವ ತನಕ ಮಾತು. ಬುಕ್ಕಾಂಬುಧಿ ಕೆರೆಯ ನೀರು, ಅಜ್ಜಂಪುರದಲ್ಲಿ ಈರುಳ್ಳಿ ರೇಟು, ಬೀರೂರಿಗೆ ಬರುವ ರೈಲು, ಎಲ್ಲ ಆಗಿ ಮೊನ್ನೆ ಮಾತು ಬೆಂಗಳೂರಿಗೆ ಹೋಯಿತು.

“ತಮ್ಮಾ, ಅಳಿಯಂದ್ರು ಫೋನ್ ಮಾಡಿದ್ರು. ದೊಡ್ಡಬಳ್ಳಾಪುರದ ಹತ್ರ ಸೈಟು ನೋಡವ್ರಂತೆ. ರಿಂಗ್ ರೋಡಿಗೆ ಹತ್ತೇ ನಿಮಿಷ ಅಂತೆ. ಈಗ ತಗಂಡ್ರೆ ಐದು ವರ್ಷಕ್ಕೆ ಡಬ್ಬಲ್ ಅಂತಾರೆ. ಕೆರೆ ಹಿಂದಿನ ಎರಡೆಕರೆ ಕೊಟ್ಟು ದುಡ್ಡು ಹೊಂದಿಸಿ ಅಂತವ್ರೆ. ಏನ್ ಮಾಡ್ಲಿ ಹೇಳು.”

“ಯಾವ ರಿಂಗ್ ರೋಡು ಅಂತ ಕೇಳಿದ್ಯೇನಣ್ಣ? ಬೆಂಗಳೂರಿಗೆ ಈಗ ಒಂದಲ್ಲ, ನಾಲ್ಕೈತೆ.”

“ನಾಲ್ಕೇ? ಒಂದು ಊರಿಗೆ ನಾಲ್ಕು ಯಾಕೋ?”

ಕೇಳಬೇಕಾದ ಪ್ರಶ್ನೆಯೇ. ನಾನು ಒಂದೊಂದಾಗಿ ಹೇಳಿದೆ. ಮೊದಲನೆಯದು ಹೊರವರ್ತುಲ ರಸ್ತೆ. 1996ರಿಂದ 2002ರ ನಡುವೆ ಹಂತ ಹಂತವಾಗಿ ಆದ ಸುಮಾರು 60 ಕಿಲೋಮೀಟರ್ ದಾರಿ. ಅದನ್ನು ಮಾಡಿದಾಗ ಮಾರತಹಳ್ಳಿ ಊರಾಚೆ ಇತ್ತು. ಇವತ್ತು ಆ ರಸ್ತೆಯೇ ಊರಿನ ಹೊಟ್ಟೆಯೊಳಗಿದೆ. ಎರಡನೆಯದು ನೈಸ್ ರಸ್ತೆ. ಬೆಂಗಳೂರಿನಿಂದ ಮೈಸೂರಿಗೆ 111 ಕಿಲೋಮೀಟರ್ ಎಕ್ಸ್‌ಪ್ರೆಸ್ ದಾರಿ, ಜೊತೆಗೆ ಐದು ಹೊಸ ಪಟ್ಟಣ ಎಂದು 1997ರಲ್ಲಿ ಒಪ್ಪಂದವಾಯಿತು. ಬೆಂಗಳೂರಿನ ಅಂಚಿನ 41 ಕಿಲೋಮೀಟರ್ ದಾರಿ ಬಂತು, ಮೈಸೂರು ಮಾತ್ರ ಬರಲೇ ಇಲ್ಲ. ಮೂರನೆಯದು ಪೆರಿಫೆರಲ್ ರಿಂಗ್ ರೋಡ್. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆಗೆ ಸೇರುವ 73 ಕಿಲೋಮೀಟರ್. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಹೆಸರು ಬದಲಾಗಿ ಈಗ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಆಗಿದೆ. ನಾಲ್ಕನೆಯದು ಅಳಿಯಂದಿರು ಹೇಳಿದ್ದು, ಸ್ಯಾಟಲೈಟ್ ಟೌನ್ ರಿಂಗ್ ರೋಡ್. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಎಲ್ಲವನ್ನೂ ಸುತ್ತಿ, ನಡುವೆ ತಮಿಳುನಾಡಿನ ನೆಲವನ್ನೂ ಹಾದು ಬರುವ ಸುಮಾರು 280 ಕಿಲೋಮೀಟರ್. ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗಿನ 80 ಕಿಲೋಮೀಟರ್ ಆಗಲೇ ಓಡಾಟಕ್ಕೆ ತೆರೆದಿದೆ.

“ಅದ್ರಿಂದ ನಮ್ಗೇನು ಉಪಯೋಗ?”

“ಉಪಯೋಗ ಐತೆ ಅಣ್ಣ. ನಮ್ಮ ಕಡೆ ಈರುಳ್ಳಿ, ತೆಂಗಿನಕಾಯಿ ಹೇರಿಕೊಂಡು ತುಮಕೂರು ರಸ್ತೇಲಿ ಹೋಗೋ ಲಾರಿ ಚೆನ್ನೈಗೋ ಹೊಸೂರಿಗೋ ಹೋಗಬೇಕಾದ್ರೆ ಬೆಂಗಳೂರಿನೊಳಗೆ ನುಗ್ಗೋದು ತಪ್ಪುತ್ತೆ.”

ಇದು ನಿಜವಾದ ಉಪಯೋಗ. ಲಾರಿ ಊರೊಳಗೆ ಬರದೆ ಆಚೆಯಿಂದಲೇ ಹೋಗಲಿ ಎನ್ನುವುದು ಒಳ್ಳೆಯ ಯೋಚನೆ. ಆದರೆ ಲಾರಿಗೆಂದು ಎಳೆದ ಗೆರೆಯ ಎರಡೂ ಕಡೆ ಲೇಔಟಿನ ಕಲ್ಲು ನೆಟ್ಟರೆ ಆ ರಸ್ತೆಯೂ ಒಂದು ದಿನ ಊರೊಳಗಿನ ಬೀದಿಯೇ ಆಗುತ್ತದೆ. ಲಂಡನ್ನಿನ ಸುತ್ತ ಎಂ25 ಎಂಬ 188 ಕಿಲೋಮೀಟರ್ ವರ್ತುಲ ರಸ್ತೆ 1986ರಲ್ಲಿ ಪೂರ್ತಿಯಾಯಿತು. ಕೆಲವೇ ವರ್ಷಗಳಲ್ಲಿ ವಾಹನ ತುಂಬಿ ಅಗಲ ಮಾಡಬೇಕಾಗಿ ಬಂತು. ಆದರೂ ಆ ದಾರಿಯ ಅಕ್ಕಪಕ್ಕ ಇವತ್ತಿಗೂ ಬಹುಪಾಲು ಹೊಲ, ಹುಲ್ಲುಗಾವಲು. ಲಂಡನ್ನಿನ ಸುತ್ತಲಿನ ಹಸಿರು ಪಟ್ಟಿಯಲ್ಲಿ ಮನೆ ಕಟ್ಟಬಾರದು ಎಂಬ ಕಟ್ಟುಪಾಡು ರಸ್ತೆಗಿಂತ ಮೊದಲೇ ಬಂದಿತ್ತು. ನಮ್ಮಲ್ಲಿ ರಸ್ತೆಯ ನಕ್ಷೆ ಹೊರಗೆ ಬಂದ ದಿನವೇ ಸೈಟಿನ ಕರಪತ್ರವೂ ಹೊರಗೆ ಬರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಬೇಸಾಯ ಮಾಡದವರೂ ಹೊಲ ಕೊಳ್ಳಬಹುದಾಗಿದೆ. ರಸ್ತೆ ಎಲ್ಲಿ ಬರುತ್ತದೆಂದು ಮೊದಲು ತಿಳಿದವರಿಗೆ ಲಾಭ, ಆಮೇಲೆ ತಿಳಿದವರಿಗೆ ನೋಟಿಸು.

ಅಷ್ಟರಲ್ಲಿ ಅತ್ತಿಗೆ ಬಂದರು. ಮೊರದಲ್ಲಿ ಅವರೆಕಾಳು. ನಮ್ಮ ಮಾತು ಕೇಳಿಸಿಕೊಂಡೇ ಬಂದಿದ್ದರು.

“ರೋಡಿನ ಸುದ್ದಿ ನನ್ನ ಕೇಳು ತಮ್ಮಯ್ಯ. ನಮ್ ತವರಲ್ಲಿ ಫೋರ್‌ಲೇನ್ ಆಯ್ತಲ್ಲ, ಮನೆ ಈ ಕಡೆ, ಹೊಲ ಆ ಕಡೆ. ಮುಂಚೆ ನಮ್ಮತ್ತಿಗೆ ಬುತ್ತಿ ಹೊತ್ಕೊಂಡು ಹತ್ತು ಹೆಜ್ಜೆಗೆ ದಾಟ್ತಿದ್ಲು. ಈಗ ನಡುವೆ ಗೋಡೆ. ಕೆಳಗಿನ ದಾರಿ ಎಲ್ಲೋ ದೂರ ಐತೆ. ಸುತ್ತು ಹಾಕಿದ್ರೆ ಹೊತ್ತು ಹೋಗುತ್ತೆ, ಗೋಡೆ ಹತ್ತಿ ಇಳಿದ್ರೆ ಜೀವ ಹೋಗುತ್ತೆ. ದನ ಹೊಡ್ಕೊಂಡು ಹೋಗೋದಂತೂ ಬಿಟ್ಟೇಬಿಟ್ರು. ಉದ್ದಕ್ಕೆ ಹೋಗೋರ್ನ ಎಣಿಸ್ತಾರೆ, ಟೋಲ್ ಹಾಕ್ತಾರೆ. ಅಡ್ಡ ದಾಟೋರ್ನ ಯಾರಾದ್ರೂ ಎಣಿಸಿದಾರಾ?”

ಅವರ ತವರು ಕಡೂರಿನ ಕಡೆ. ತುಮಕೂರಿನಿಂದ ಶಿವಮೊಗ್ಗಕ್ಕೆ ಹೋಗುವ, ನಾವೆಲ್ಲ ಇನ್ನೂ ‘206’ ಎಂದೇ ಕರೆಯುವ ಹೆದ್ದಾರಿ. ಮಲ್ಲಸಂದ್ರದಿಂದ ಕರಡಿ, ಕರಡಿಯಿಂದ ಬಾಣಾವರ, ಬಾಣಾವರದಿಂದ ಬೆಟ್ಟದಹಳ್ಳಿ, ಬೆಟ್ಟದಹಳ್ಳಿಯಿಂದ ಶಿವಮೊಗ್ಗ ಎಂದು ನಾಲ್ಕು ಭಾಗ ಮಾಡಿ ಚತುಷ್ಪಥಕ್ಕೆ ತೆಗೆದುಕೊಂಡರು. ಕಡೂರಿಗೆ, ತರೀಕೆರೆಗೆ ಬೈಪಾಸ್ ಬಂತು. ತರೀಕೆರೆ ಪೇಟೆಯೊಳಗೆ ಲಾರಿಯ ಹೊಗೆ ಕಡಿಮೆಯಾಯಿತು, ಶಿವಮೊಗ್ಗದ ಆಸ್ಪತ್ರೆಗೆ ಬೇಗ ತಲುಪಬಹುದು. ಅತ್ತಿಗೆ ಅದನ್ನು ಅಲ್ಲಗಳೆಯುವವರಲ್ಲ. ಅವರು ಕೇಳಿದ್ದು ಲೆಕ್ಕ.

ಆ ಲೆಕ್ಕದ ಬಗೆ ನಾನು ಓದಿದ್ದೇನೆ, ಅಣ್ಣನಿಗೆ ವಿವರಿಸಿದೆ. ರಸ್ತೆ ಎಷ್ಟು ಅಗಲ ಬೇಕೆಂದು ತಿಳಿಯಲು ಮೊದಲು ವಾಹನ ಎಣಿಸುತ್ತಾರೆ. ಎಲ್ಲವನ್ನೂ ಕಾರಿನ ಅಳತೆಗೆ ತಂದು ಕೂಡಿಸುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹಳ್ಳಿಗಾಡಿನ ರಸ್ತೆಗಳಿಗೆ ಕೊಟ್ಟ ಪಟ್ಟಿಯಲ್ಲಿ ಕಾರು 1, ಬೈಕು ಅರ್ಧ, ಲಾರಿ 3. ಎತ್ತಿನ ಗಾಡಿ 8! ಅಂದರೆ ದಾರಿಯ ಉದ್ದಕ್ಕೆ ನಿಧಾನ ಹೋಗುವ ಗಾಡಿ ಎಂಟು ಕಾರಿನಷ್ಟು ಜಾಗ ಕಟ್ಟಿಹಾಕುತ್ತದೆ ಎಂದು ಅರ್ಥ. ಎತ್ತಿನ ಗಾಡಿಗೆ ಅಷ್ಟು ತೂಕ ಕೊಟ್ಟ ಪಟ್ಟಿಯಲ್ಲಿ ಅದೇ ಗಾಡಿ ಮನೆಯಿಂದ ಹೊಲಕ್ಕೆ ಅಡ್ಡ ದಾಟುವುದಕ್ಕೆ ಅಂಕಿಯಿಲ್ಲ. ಪೇಟೆಯ ಸರ್ಕಲ್ಲುಗಳಲ್ಲಿ ಕಾಲ್ನಡಿಗೆಯವರನ್ನು ಎಣಿಸುವ ಕ್ರಮ ಉಂಟು. ಎರಡು ಹೊಲಗಳ ನಡುವೆ ಬುತ್ತಿ ಹೊತ್ತು ದಾಟುವ ಹೆಂಗಸು, ಸ್ಕೂಲಿಗೆ ಹೋಗುವ ಹುಡುಗರು, ಕೆರೆಗೆ ನೀರು ಕುಡಿಯಲು ಹೋಗುವ ದನ, ಇವರು ಯಾವ ಸರ್ಕಲ್ಲಿಗೂ ಸೇರಿದವರಲ್ಲ. ಅಗಲ ಎಷ್ಟಿರಬೇಕು ಎಂದು ತೀರ್ಮಾನವಾಗುವ ಹೊತ್ತಿನಲ್ಲಿ ಅವರು ಕಾಗದದ ಮೇಲೆ ಇರುವುದೇ ಇಲ್ಲ.

ಕಾಗದದ ಮೇಲೆ ಇಲ್ಲದವರು ನೆಲದ ಮೇಲೆ ಇದ್ದೇ ಇರುತ್ತಾರಲ್ಲ, ಅಲ್ಲಿ ತೊಂದರೆ ಶುರುವಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 118 ಕಿಲೋಮೀಟರ್, ನಡುವೆ ಆರು ಪಥ, ಎರಡೂ ಪಕ್ಕ ಸರ್ವಿಸ್ ರೋಡು. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದರು. ಅದೇ ತಿಂಗಳು ಒಂದು ಮಳೆ ಬಂದು ರಾಮನಗರದ ಬಳಿ ರಸ್ತೆಯ ಮೇಲೆ ನೀರು ನಿಂತಿತು. ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆ ಏನು ಗೊತ್ತೇ? ಅಲ್ಲಿನ ಹಳ್ಳಿಯವರು ತಮ್ಮ ಹೊಲಕ್ಕೂ ಊರಿಗೂ ಹೋಗಲು ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿಕೊಂಡಿದ್ದರು, ಅದರಿಂದ ನೀರು ಹೋಗಲಿಲ್ಲ ಎಂದು.

“ಮಣ್ಣು ಹಾಕಿದ್ದು ತಪ್ಪಲ್ವೇನೋ?” ಅಂದ ಅಣ್ಣ.

“ತಪ್ಪೇ ಅಣ್ಣ. ಆದ್ರೆ ಅವ್ರು ಹೊಲಕ್ಕೆ ಹೋಗಲೇಬೇಕಲ್ಲ. ಆ ಜಾಗದಲ್ಲಿ ಅವರಿಗೆ ದಾರಿ ಬೇಕು ಅನ್ನೋದು ರಸ್ತೆ ಆದ ಮೇಲೆ ಗೊತ್ತಾಗೋ ವಿಷಯವಾ?”

ನನ್ನ ಮಾತಿನ ಸಾರವೂ ಇದೇ. ದಾಟುವವರ ದಾರಿ ಗೊತ್ತಿದ್ದರೆ ಅಲ್ಲೊಂದು ಪೈಪು, ಮೇಲೊಂದು ಹಾಸುಗಲ್ಲು ಮೊದಲೇ ಬೀಳುತ್ತಿತ್ತು; ನೀರಿಗೂ ದಾರಿ, ಜನಕ್ಕೂ ದಾರಿ. ಕೇಳದೆ ಮಾಡಿದ ಮೇಲೆ ಹೆದ್ದಾರಿಯಲ್ಲಿ ಹೋಗುವ ಬಸ್ಸು ನೀರಿನಲ್ಲಿ ನಿಂತಿತು. ದಾಟುವವನಿಗೆ ಆದ ಅನ್ಯಾಯ ಓಡುವವನನ್ನೂ ಬಿಡಲಿಲ್ಲ. ಅದೇ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಡುದಾರಿಗೆ ಬಿಡುವುದನ್ನು ನಿಲ್ಲಿಸಿದರು. ವೇಗದ ದಾರಿಯಲ್ಲಿ ಅದು ಜೀವ ಉಳಿಸುವ ಕ್ರಮ, ಒಪ್ಪುತ್ತೇನೆ. ಹಾಗಾದ ಮೇಲೆ ಸರ್ವಿಸ್ ರೋಡು ಎಲ್ಲೂ ತುಂಡಾಗದೆ ಊರಿಂದ ಊರಿಗೆ ಸೇರಬೇಕು. ಸೇರದ ಕಡೆ ನಮ್ಮ ಹುಡುಗರು ಎದುರು ದಿಕ್ಕಿನಲ್ಲಿ ಬೈಕು ಓಡಿಸುತ್ತಾರೆ. ಅದನ್ನು ಶಿಸ್ತಿಲ್ಲದ ಜನ ಎಂದು ಬೈಯುವ ಮೊದಲು, ಅವರ ಮನೆಯಿಂದ ಹೊಲಕ್ಕೆ ಸರಿಯಾದ ದಿಕ್ಕಿನಲ್ಲಿ ಎಷ್ಟು ಸುತ್ತಬೇಕು ಎಂದು ಒಮ್ಮೆ ಅಳೆದು ನೋಡಬೇಕು.

ನಮ್ಮ ಈ ಬೇಲಿಯನ್ನೇ ನೋಡಿ. ಅದನ್ನು ಹಾಕಿದ ದಿನವೇ ನಡುವೆ ಒಂದು ಉಣುಗೋಲು ಇಟ್ಟೆವು. ಅತ್ತಿಗೆ ಮಜ್ಜಿಗೆ ತರುವುದು, ನಮ್ಮನೆಯವಳು ಕರಿಬೇವು ಕೊಂಡೊಯ್ಯುವುದು ಅದರಲ್ಲೇ. ಮೊದಲು ಬೇಲಿ ಮುಗಿಸೋಣ, ಆಮೇಲೆ ದಾರಿ ನೋಡೋಣ ಎಂದು ಯಾರೂ ಹೇಳಲಿಲ್ಲ.

ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ದನಗಳ ಕಥೆ ಎಲ್ಲರಿಗೂ ಗೊತ್ತು. ಅಲ್ಲಿನ ತಳಿ ಕೇಂದ್ರ 1929ರಿಂದ ಇದೆ. ಅದಕ್ಕೂ ಹಿಂದೆ ಮೈಸೂರು ಅರಸರ ಕಾಲದಲ್ಲಿ ಆ ದನಗಳಿಗೆ ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಬೇರೆ ಬೇರೆಯಾಗಿ ಬಿಟ್ಟಿದ್ದರು. ಒಂದು ಕಾವಲಿನಿಂದ ಇನ್ನೊಂದಕ್ಕೆ ಹಿಂಡು ಜಿಲ್ಲೆ ಜಿಲ್ಲೆ ದಾಟಿ ಹೋಗುತ್ತಿತ್ತು. ಯಾವ ತಿಂಗಳಲ್ಲಿ ಎಲ್ಲಿ ಹುಲ್ಲು, ಎಲ್ಲಿ ನೀರು ಎಂಬುದನ್ನು ತಿಳಿದು ನೆಲವನ್ನು ಹಂಚಿದ ಯೋಜನೆ ಅದು. ಬಳಸುವ ಜೀವದ ನಡಿಗೆಯನ್ನು ಮೊದಲು ನೋಡಿ, ಆಮೇಲೆ ನಕ್ಷೆ ಬರೆದರು.

ಈ ಕಾಲದ ಪಾಠವೂ ಕಣ್ಣೆದುರಿಗೇ ಇದೆ. ಭದ್ರಾ ಮೇಲ್ದಂಡೆ ಯೋಜನೆ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡುವಂಥದ್ದು. ಅದರ ನೀರು ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹೋಗುತ್ತದೆ. ಸುರಂಗ ಹೋದ ಕಡೆ ಮೇಲಿನ ಹೊಲ ಹೊಲವಾಗಿಯೇ ಉಳಿಯಿತು, ದಾಟುವವರಿಗೆ ಅಡ್ಡಿಯಾಗಲಿಲ್ಲ. ತೆರೆದ ಕಾಲುವೆ ಬಂದ ಕಡೆ ಮಾತು ಬೇರೆ. ಅಬ್ಬಿನಹೊಳಲು ಬಳಿ ಪರಿಹಾರದ ತಕರಾರು ಬಗೆಹರಿಯದೆ ಎರಡು ಕಿಲೋಮೀಟರಿನಷ್ಟೂ ಇಲ್ಲದ ತುಂಡು ವರ್ಷಗಟ್ಟಲೆ ನಿಂತುಹೋಗಿತ್ತು, ಆಚೆಗಿನ ಚಿತ್ರದುರ್ಗದ ರೈತರು ನೀರಿಗೆ ಕಾಯುತ್ತಾ ಕೂತರು. ನೆಲ ಕೊಡುವವರ ಜೊತೆ ಮೊದಲು ಮಾತು ಮುಗಿಸಿದ್ದರೆ ಉಳಿಯುತ್ತಿದ್ದ ಕಾಲ ಎಷ್ಟು, ಯೋಚಿಸಿ.

ಪರಿಹಾರದ ಮಾತು ಬಂದಾಗ ಅಣ್ಣ ಬೇಲಿಗೆ ಇನ್ನಷ್ಟು ಹತ್ತಿರ ಬಂದ.

“ಹೊಸ ಕಾನೂನಿನಲ್ಲಿ ಚೆನ್ನಾಗಿ ಕೊಡ್ತಾರಂತಲ್ಲ?”

“ಯಾವ ಕಾನೂನಿನಲ್ಲಿ ತಗೊಂಡ್ರು ಅನ್ನೋದ್ರ ಮೇಲೆ ಐತೆ ಅಣ್ಣ.”

ಸ್ಯಾಟಲೈಟ್ ಟೌನ್ ರಿಂಗ್ ರೋಡಿನಂಥ ರಾಷ್ಟ್ರೀಯ ಹೆದ್ದಾರಿಗೆ ನೆಲ ಹೋದರೆ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ ಪರಿಹಾರ, 2015ರ ಜನವರಿಯಿಂದ ಹಾಗಿದೆ. ಹಳ್ಳಿಯ ನೆಲಕ್ಕೆ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡು ಪಟ್ಟಿನ ತನಕ ಏರಿಸಿ, ಅದರ ಮೇಲೆ ಅಷ್ಟೇ ಮೊತ್ತವನ್ನು ಇನ್ನೊಮ್ಮೆ ಕೊಡಬೇಕು. ಪೆರಿಫೆರಲ್ ರಿಂಗ್ ರೋಡಿನ ನೆಲವನ್ನು ಬಿಡಿಎ ಕಾಯ್ದೆಯಡಿ ತೆಗೆದುಕೊಂಡದ್ದು. ಅಲ್ಲಿಗೆ 2013ರ ಕಾಯ್ದೆ ಅನ್ವಯಿಸದು, 1894ರ ಹಳೆಯ ಕಾಯ್ದೆಯೇ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಳೆಯ ಕಾಯ್ದೆಯಲ್ಲಿ ಬೆಲೆಯ ಮೇಲೆ ಕೊಡುವುದು ನೂರಕ್ಕೆ 30. ಒಂದೇ ಬೆಂಗಳೂರಿನ ಸುತ್ತ ಎರಡು ವರ್ತುಲ, ಎರಡು ಕಾನೂನು, ಎರಡು ರೈತ ಕುಟುಂಬಗಳಿಗೆ ಎರಡು ಬಗೆಯ ಬದುಕು. 2005ರ ಅಧಿಸೂಚನೆಯೊಳಗೆ ಸರ್ವೆ ನಂಬರು ಸಿಕ್ಕಿಕೊಂಡವರ ಪಾಡು ನೆನೆಸಿಕೊಳ್ಳಿ. ಮನೆ ಕಟ್ಟುವಂತಿಲ್ಲ, ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ, ಮಗಳ ಮದುವೆಗೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಅಂದು ಹುಟ್ಟಿದ ಮಗು ಇಂದು ಓಟು ಹಾಕುತ್ತದೆ, ರಸ್ತೆ ಇನ್ನೂ ಆಗಿಲ್ಲ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: “ಹಂಗಾದ್ರೆ ರಸ್ತೇನೇ ಬೇಡವೇನೋ?”

ಬೇಕು. ಊರು ಬೆಳೆಯುತ್ತದೆ, ದಾರಿ ಬೇಕು. ಆದರೆ ಬೆಳೆಯುವ ಊರು ಬೆಂಗಳೂರು ಒಂದೇ ಆಗಬೇಕೆಂದು ಯಾರು ಬರೆದರು? ನಮ್ಮ ಬೀರೂರು ಜಂಕ್ಷನ್ನಿಗೆ ಶಿವಮೊಗ್ಗದ ರೈಲು ಬಂದದ್ದು 1899ರಲ್ಲಿ. ಬೆಂಗಳೂರು–ಹುಬ್ಬಳ್ಳಿ ದೊಡ್ಡ ಲೈನು ಅಜ್ಜಂಪುರ, ಶಿವನಿ ಮೇಲೆಯೇ ಹೋಗುತ್ತದೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ಕಡೂರಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿ ಕೂಡುತ್ತವೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ. 2017-18ರ ಬಜೆಟ್ಟಿನಲ್ಲಿ ಅಜ್ಜಂಪುರ ತಾಲ್ಲೂಕೂ ಆಯಿತು. ಇಷ್ಟೆಲ್ಲ ಇರುವ ಕಡೆ ಒಂದು ಶೀತಲಗೃಹ, ಒಂದು ಒಳ್ಳೆಯ ಕಾರ್ಖಾನೆ, ಒಂದು ದೊಡ್ಡ ಆಸ್ಪತ್ರೆ ಬಂದರೆ ಅಣ್ಣನ ಅಳಿಯಂದಿರು ದೊಡ್ಡಬಳ್ಳಾಪುರದಲ್ಲಿ ಸೈಟು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಐದನೆಯ ವರ್ತುಲದ ಮಾತು ಎತ್ತುವ ಮೊದಲು, ಆಗಲೇ ಹಾಕಿರುವ ರೈಲು, ರಸ್ತೆಗಳ ಪಕ್ಕದ ಸಣ್ಣ ಪೇಟೆಗಳಿಗೆ ಕೆಲಸ ಕೊಡಲಿ.

ರಸ್ತೆ ಮಾಡುವುದೇ ಆದರೆ ದಾಟುವವರ ಲೆಕ್ಕ ಹಿಡಿಯುವುದು ಕಷ್ಟವಲ್ಲ. ಅದು ಸರ್ಕಾರದ ಕೈಯಲ್ಲಿ ಆಗಲೇ ಇದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ನೋಡಿ: ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲವನ್ನೂ ಗುರುತು ಹಾಕಿ ಇಟ್ಟಿದ್ದಾರೆ. ಹೆದ್ದಾರಿಯ ಗೆರೆಯನ್ನು ಆ ನಕ್ಷೆಯ ಮೇಲೆ ಇಟ್ಟರೆ ಎಲ್ಲೆಲ್ಲಿ ಬಂಡಿದಾರಿ ಅಡ್ಡ ಬರುತ್ತದೆ, ಎಲ್ಲೆಲ್ಲಿ ಹಳ್ಳ ಅಡ್ಡ ಬರುತ್ತದೆ ಎಂದು ಒಂದೇ ದಿನದಲ್ಲಿ ತಿಳಿಯುತ್ತದೆ. ಅಷ್ಟೂ ಕಡೆ ದಾರಿ ಬಿಡಲೇಬೇಕೆಂದು ನಿಯಮವಾಗಲಿ. ಮಾಡುವ ಕೆಳಸೇತುವೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗುವಷ್ಟು ಎತ್ತರವಿರಲಿ, ಮಳೆಗಾಲದಲ್ಲಿ ಹೊಂಡವಾಗದಂತೆ ನೀರಿಗೆ ಇಳಿಜಾರು ಇರಲಿ. ರೈಲ್ವೆ ಗೇಟು ತೆಗೆದು ಮಾಡಿದ ಕೆಳಸೇತುವೆಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದನ್ನು ನಾವು ನೋಡಿದ್ದೇವೆ. ಅಂಥದ್ದು ಇನ್ನೊಂದು ಬೇಡ.

“ಎರಡೆಕರೆ ಏನ್ ಮಾಡ್ಲಿ, ಅದನ್ನ ಹೇಳಲಿಲ್ಲವಲ್ಲೋ,” ಅಂದ ಅಣ್ಣ.

ಕೆರೆ ಹಿಂದಿನ ನೆಲ ಕೊಡಬೇಡ ಎಂದೆ. ಸೈಟು ಬೇಕೇ ಬೇಕೆಂದರೆ ಮೊದಲು ಸರ್ವೆ ನಂಬರು ತರಿಸು. ದಿಶಾಂಕ್ ಆ್ಯಪಿನಲ್ಲಿ ಹಾಕಿ ನೆಲ ಯಾವುದು, ಹಳ್ಳ ಕೆರೆ ಎಷ್ಟು ಹತ್ತಿರ ನೋಡು. ಭೂ ಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರದ ಮಂಜೂರಾತಿ ಕೈಗೆ ಸಿಗುವ ತನಕ ಒಂದು ರೂಪಾಯಿ ಮುಂಗಡ ಕೊಡಬೇಡ. ಯಾವುದಾದರೂ ರಸ್ತೆಯ ಅಧಿಸೂಚನೆಯೊಳಗೆ ಆ ನಂಬರು ಇದೆಯೇ ಎಂದು ವಿಚಾರಿಸು. ಅತ್ತಿಗೆ ತಲೆಯಾಡಿಸಿದರು. ಅಣ್ಣ ಅಳಿಯಂದಿರಿಗೆ ಫೋನು ಮಾಡಲು ಒಳಗೆ ಹೋದ.

ನಿಮಗೂ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮೂರಿನ ಹೊಲಗಳಲ್ಲಿ ನಾಳೆ ಹೆದ್ದಾರಿಯವರು ಕಲ್ಲು ನೆಟ್ಟರೆ ಪರಿಹಾರ ಎಷ್ಟು ಎಂಬ ಪ್ರಶ್ನೆಯೊಂದರಲ್ಲೇ ದಿನ ಕಳೆಯಬೇಡಿ. ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆ ಸಲ್ಲಿಸಲು 21 ದಿನ ಇರುತ್ತದೆ. ಅದರ ವಿವರವನ್ನು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು, ಕಣ್ಣಿಟ್ಟಿರಿ. ಆ 21 ದಿನದೊಳಗೆ ಗ್ರಾಮಸಭೆ ಸೇರಿಸಿ, ಹೆಂಗಸರನ್ನೂ ದನಗಾಹಿಗಳನ್ನೂ ಸ್ಕೂಲ್ ಮಕ್ಕಳ ತಾಯಂದಿರನ್ನೂ ಕೂರಿಸಿ, ಯಾರು ಎಲ್ಲಿ ದಾಟುತ್ತಾರೆ, ನೀರು ಎಲ್ಲಿ ಹರಿಯುತ್ತದೆ ಎಂದು ಗ್ರಾಮ ನಕ್ಷೆಯ ಮೇಲೆ ಗುರುತು ಹಾಕಿ, ಸಹಿ ಮಾಡಿ ಕೊಡಿ, ಸ್ವೀಕೃತಿ ಪಡೆಯಿರಿ. ಡಾಂಬರು ಬಿದ್ದ ಮೇಲೆ ಒಂದು ಕೆಳಸೇತುವೆಗಾಗಿ ವರ್ಷಗಟ್ಟಲೆ ಧರಣಿ ಕೂರುವುದಕ್ಕಿಂತ ನಕ್ಷೆ ಹಸಿಯಾಗಿರುವಾಗಲೇ ಕೇಳುವುದು ಸುಲಭ.